ಹೂವಿನ ಎಸಳಲ್ಲಿ ಧಣಿಯ ಮುಖ

ಕೂತುಕೊಳ್ಳಿ. ಹಿಂದೆ ನಿಂತವರೂ ಕೂತುಕೊಳ್ಳಿ, ಮುಂದಿನ ಬೆಂಚುಗಳು ಎಂದಿನಂತೆ ಖಾಲಿ ಇವೆ. ಇವತ್ತು ನನ್ನ ದನಿ ಜೋರಾಗಿ ಬರುವುದಿಲ್ಲ. ಮೈಯಲ್ಲಿ ಜ್ವರವಿಲ್ಲ. ದಣಿವು, ಅಷ್ಟೇ.

ನಮ್ಮ ಸಭೆಯ ವಾರ್ಷಿಕ ಹಬ್ಬಕ್ಕೆ ಚರ್ಚಿನ ಈ ಗೋಡೆಯ ಮೇಲೆ ಗಣ್ಯರ ಪಟ ಹಾಕಬೇಕೆಂದು ನೀವು ಗೊತ್ತು ಮಾಡಿದ್ದೀರಿ. ಯಾರ ಅಜ್ಜ ಮೇಲಿನ ಸಾಲಿಗೆ, ಯಾರ ಮಾವ ಕೆಳಗಿನ ಸಾಲಿಗೆ ಎಂದು ಕಮಿಟಿಯವರು ಆಡಿದ ಮಾತು ಕೇಳಿ ಕೇಳಿ ನನ್ನ ಕಿವಿ ಸೋತಿವೆ. ಒಂದು ಪಟಕ್ಕೆ ಮಾತ್ರ ತಕರಾರು ಬರಲಿಲ್ಲ. ಈ ಚರ್ಚು ಕಟ್ಟಿಸಿದ ಇಂಗ್ಲಿಷ್ ಪಾದ್ರಿಯವರದು. ಅವರಿಗೆ ಈ ಊರಲ್ಲಿ ಮೊಮ್ಮಕ್ಕಳಿಲ್ಲ, ಅದಕ್ಕೆ.

ಆ ಪಾದ್ರಿಯವರು ಹುಟ್ಟಿದ್ದು ಇಂಗ್ಲೆಂಡಿನ ಡರ್ಬಿಶೈರ್ ಎಂಬ ಜಿಲ್ಲೆಯಲ್ಲಿ. ಆ ಜಿಲ್ಲೆಯ ಮಹನೀಯರ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕಾರ್ಯದರ್ಶಿ ಜಯವಂತಪ್ಪನವರು ಕೇಳಿಕೊಂಡಿದ್ದಾರೆ. ಹೇಳುತ್ತೇನೆ. ಯುದ್ಧದಲ್ಲಿ ಗಾಯಗೊಂಡ ಸಿಪಾಯಿಗಳ ನಡುವೆ ದೀಪ ಹಿಡಿದು ಓಡಾಡಿದ ಫ್ಲಾರೆನ್ಸ್ ನೈಟಿಂಗೇಲರ ಮನೆತನದ ಮನೆ ಇದ್ದದ್ದು ಅಲ್ಲಿ. ಈಯಮ್ ಎಂಬ ಹಳ್ಳಿ ಇರುವುದೂ ಅಲ್ಲೇ. ಹಿಂದೆ ಪ್ಲೇಗು ಬಂದಾಗ, ರೋಗ ಪಕ್ಕದ ಊರುಗಳಿಗೆ ಹರಡಬಾರದೆಂದು ಅಲ್ಲಿನ ಪಾದ್ರಿ ಜನರನ್ನು ಒಪ್ಪಿಸಿದರು. ಜನ ಗಡಿ ದಾಟದೆ ಊರೊಳಗೇ ಉಳಿದರು. ಎಷ್ಟೋ ಮಂದಿ ಸತ್ತರು, ಪಾದ್ರಿಯ ಹೆಂಡತಿಯೂ ಹೋದಳು. ನೋಡಿ, ಇವರು ತಮ್ಮ ಪಟ ಯಾವ ಸಾಲಿನಲ್ಲಿ ಬರುತ್ತದೆ ಎಂದು ಕೇಳಿಕೊಂಡು ಆ ಕೆಲಸ ಮಾಡಿದರೇ?

ಮಹನೀಯರ ಮಾತು ಮುಗಿಯಿತು. ಇನ್ನು ಮಹನೀಯನಾಗಲು ಹೊರಟ ಒಬ್ಬನ ಕಥೆ. ಇದು ನಾನು ಕಟ್ಟಿದ್ದು, ಚರಿತ್ರೆಯಲ್ಲಿ ಹುಡುಕಬೇಡಿ.

ಅದೇ ಜಿಲ್ಲೆಯ ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಶ್ರೀಮಂತನಿಲ್ಲದ ಊರೂ ಇಲ್ಲ, ದೃಷ್ಟಾಂತವೂ ಇಲ್ಲ. ಗುಡ್ಡದ ಮೇಲೆ ಅವನ ಬಂಗಲೆ, ಬಂಗಲೆಯ ಮುಂದೆ ಕಾರಂಜಿ. ಕಾರಂಜಿಗೆ ನೀರೆಲ್ಲಿಂದ ಬಂತು? ಊರ ಬಾವಿಗೂ ಕೆರೆಗೂ ಇಳಿಯುತ್ತಿದ್ದ ಒರತೆಗೆ ಕೊಳವೆ ಹಾಕಿಸಿ ಅಂಗಳಕ್ಕೆ ತಿರುಗಿಸಿಕೊಂಡಿದ್ದ. ಮೇಲೆ ನೀರು ಕುಣಿಯುತ್ತಿತ್ತು, ಕೆಳಗೆ ಬಾವಿಯ ತಳ ಕಾಣುತ್ತಿತ್ತು. ಊರ ಹೆಂಗಸರು ಗುಡ್ಡದಾಚೆಯ ಹಳ್ಳದಿಂದ ನೀರು ಹೊತ್ತು ತರುತ್ತಿದ್ದರು.

ಆ ಸೀಮೆಯಲ್ಲಿ ಒಂದು ಪದ್ಧತಿಯಿದೆ. ಇದು ಮಾತ್ರ ನಾನು ಕಟ್ಟಿದ್ದಲ್ಲ. ನೀರು ಕೊಟ್ಟ ದೇವರಿಗೆ ಉಪಕಾರ ಹೇಳಲು ವರ್ಷಕ್ಕೊಮ್ಮೆ ಬಾವಿಗೆ ಸಿಂಗಾರ ಮಾಡುತ್ತಾರೆ. ದೊಡ್ಡ ಮರದ ಹಲಗೆಗಳನ್ನು ಕೆರೆಯಲ್ಲಿ ಮುಳುಗಿಸಿ ಚೆನ್ನಾಗಿ ನೆನೆಸುತ್ತಾರೆ. ಅದರ ಮೇಲೆ ತುಳಿದು ಹದ ಮಾಡಿದ ಜೇಡಿಮಣ್ಣು ಮೆತ್ತಿ, ಒಂದೊಂದೇ ಹೂವಿನ ಎಸಳು ಒತ್ತಿ ಚಿತ್ರ ಬಿಡಿಸುತ್ತಾರೆ. ಬೈಬಲಿನ ಕಥೆ ಇರಬಹುದು, ದೊಡ್ಡವರ ಮುಖ ಇರಬಹುದು. ಕೆಲವು ದಿನ ನಿಂತು ಬಾಡುತ್ತದೆ. ಪಾದ್ರಿ ಬಂದು ಆಶೀರ್ವದಿಸುತ್ತಾರೆ, ಊರು ಹಾಡುತ್ತದೆ.

ಎಲ್ಲ ಇದ್ದ ಆ ಶ್ರೀಮಂತನಿಗೆ ಒಂದೇ ಆಸೆ ಉಳಿದಿತ್ತು. ಆ ಹಲಗೆಯ ಮೇಲೆ ತನ್ನ ಮುಖ ಬರಬೇಕು, ಜಿಲ್ಲೆಯ ದೊಡ್ಡವರ ಸಾಲಿನಲ್ಲಿ ತಾನೂ ನಿಲ್ಲಬೇಕು. ಊರವರನ್ನು ಕರೆಸಿದ. ಅವರು ಇಂಗ್ಲಿಷಿನಲ್ಲೇ ಮಾತಾಡಿರಬೇಕು, ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

"ಈ ವರ್ಷ ಬಾವಿ ಮುಂದ ನನ್ನ ಮುಖ ಮಾಡ್ರಿ" ಅಂದ.

ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವನ ಮುಖ ಬಾವಿಯ ಹತ್ತಿರ ನಿಂತರೆ ಇವನ ಮನಸ್ಸೂ ಬಾವಿಯ ಕಡೆ ತಿರುಗೀತು ಎಂಬ ಆಸೆ ಅವರಿಗೆ. ಒಬ್ಬ ಮುದುಕಿ ಹೇಳಿದಳು:

"ಮಾಡ್ತೀವ್ರಿ ಧಣಿ. ಆದ್ರ ಹಲಗಿ ನೆನಿಬೇಕಲ್ರೀ, ಕೆರ್ಯಾಗ ಬರೇ ರಾಡಿ ಐತಿ. ಒಣ ಹಲಗಿ ಮಣ್ಣಿನ ಹಸಿ ಎಲ್ಲಾ ಕುಡಿದುಬಿಡತೈತ್ರಿ. ಹಬ್ಬದ ತನಕರ ಒರತಿ ನೀರು ಈ ಕಡೆ ಬಿಡ್ರಿ."

"ಹಬ್ಬ ಮುಗೀಲಿ, ನೋಡೋಣು. ದೊಡ್ಡ ಮಂದಿ ಬರ್ತಾರ. ಕಾರಂಜಿ ನಿಂತ್ರ ನನ್ನ ಮರ್ಯಾದಿ ಏನಾಗ್ಬೇಕು?"

ಊರವರು ಹಳ್ಳದ ನೀರನ್ನೇ ತಂದು ಹಲಗೆಗೆ ಚಿಮುಕಿಸಿದರು. ಕುಡಿಯಲು ತಂದ ನೀರು ಅದು. ಅದನ್ನೇ ಉಳಿಸಿ ಉಳಿಸಿ ಮಣ್ಣು ತುಳಿದರು. ಬಿಳಿ ಎಸಳಿನ ಹಣೆ, ಗುಲಾಬಿ ಎಸಳಿನ ಕೆನ್ನೆ, ನೀಲಿ ಹೂವಿನ ಕೋಟು. ಮುಖ ಅವನಿಗಿಂತ ಚೆಂದವೇ ಬಂತು ಅನ್ನಿ.

ಹಬ್ಬದ ದಿನ ಬಿಸಿಲು ಕಾಯಿತು. ಅತಿಥಿಗಳು ಬಂದರು, ಬ್ಯಾಂಡು ಬಂತು, ಪಾದ್ರಿ ಪ್ರಾರ್ಥನೆಗೆ ಕೈ ಎತ್ತಿದರು. ಅಷ್ಟರಲ್ಲಿ ಹಲಗೆಯ ಮೇಲಿನ ಮುಖದ ಗದ್ದದ ಹತ್ತಿರ ಒಂದು ಬಿರುಕು. ನೋಡನೋಡುತ್ತ ಬಿರುಕು ಕೆನ್ನೆಗೆ ಏರಿತು, ಕೆನ್ನೆಯಿಂದ ಹಣೆಗೆ. ಎಸಳು ಒಂದೊಂದೇ ಉದುರತೊಡಗಿದವು.

"ನೀರು ಹಾಕ್ರಿ" ಅಂದ ಶ್ರೀಮಂತ. ಯಾರೂ ಅಲ್ಲಾಡಲಿಲ್ಲ. "ನೀರು ಹಾಕ್ರಿ ಅಂದ್ನೆಲ್ಲ" ಅಂತ ಮತ್ತೆ ಅಂದ.

"ಎಲ್ಲೈತ್ರಿ?" ಅಂದಳು ಮುದುಕಿ.

ಅವನೇ ಗುಡ್ಡ ಹತ್ತಿ ಓಡಿದ. ಕಾರಂಜಿಯಲ್ಲಿ ಬಕೆಟ್ಟು ಅದ್ದಿ ಎತ್ತಿಕೊಂಡು ಇಳಿದ. ಜನ್ಮದಲ್ಲಿ ನೀರು ಹೊತ್ತವನಲ್ಲ. ಬೂಟಿನ ಮೇಲೆ ಚೆಲ್ಲುತ್ತ, ಏದುಸಿರು ಬಿಡುತ್ತ ಬಂದು ಒಂದೇ ಸಲ ಸುರಿದ. ಒಣಗಿ ಬಿಟ್ಟುಕೊಂಡಿದ್ದ ಮಣ್ಣು ನೀರು ತಾಗಿದ್ದೇ ಜಾರಿತು. ಹಣೆ, ಕೆನ್ನೆ, ಕೋಟು ಎಲ್ಲ ಅವನ ಕಾಲ ಬುಡಕ್ಕೆ ಬಂದು ಬಿದ್ದವು. ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಸಿಟ್ಟು ಬಂದು ಬಚಾವಾಗುತ್ತಿದ್ದ.

ಮುದುಕಿ ಅವನ ಕೈಯಿಂದ ಬಕೆಟ್ಟು ಇಸಿದುಕೊಂಡು ಹೇಳಿದಳು: "ಭಾಳ ಭಾರ ಅಲ್ರೀ ಧಣಿ, ನೀರು? ನಾವು ದಿನಾ ಹೊರ್ತೀವ್ರಿ."

ಅವತ್ತು ಸಂಜೆಯೇ ಅವನು ಒರತೆಯನ್ನು ಊರ ಕಡೆ ಬಿಡಿಸಿದ. ಯಾಕೆ ಬಿಡಿಸಿದ? ಬಡವರ ಮೇಲೆ ಕರುಣೆ ಬಂತೇ? ಇಲ್ಲ. ಪರಲೋಕದಿಂದ ದನಿ ಕೇಳಿತೇ? ಇಲ್ಲ. ನಾಚಿಕೆ. ಅತಿಥಿಗಳ ಮುಂದೆ ಆದ ನಾಚಿಕೆ. ಆದರೆ ಬಾವಿಗೆ ಬಂದ ನೀರು ನಾಚಿಕೆಯ ನೀರೋ ಕರುಣೆಯ ನೀರೋ ಎಂದು ಊರವರು ರುಚಿ ನೋಡಲಿಲ್ಲ. ಕುಡಿದರು.

ಈಗ ನಿಮ್ಮ ಕಡೆ ಬರುತ್ತೇನೆ. ಮುಖ ಕೆಳಗೆ ಹಾಕಬೇಡಿ ಜಯವಂತಪ್ಪನವರೇ, ನಿಮ್ಮೊಬ್ಬರಿಗೇ ಹೇಳುತ್ತಿಲ್ಲ. ನಮ್ಮ ಕಾಂಪೌಂಡಿನ ಹೊರಗೋಡೆಗೆ ಒಂದು ನಳವಿದೆ. ಹಿಂದಿನ ಓಣಿಯವರು ನಮ್ಮ ಬೋರಿನ ನೀರನ್ನು ಅಲ್ಲಿ ಹಿಡಿದುಕೊಳ್ಳುತ್ತಿದ್ದರು. ಹಬ್ಬಕ್ಕೆ ಹುಲ್ಲು ಹಸಿರಾಗಿರಲಿ ಎಂದು ಕಮಿಟಿಯವರು ಆ ನಳಕ್ಕೆ ಕೀಲಿ ಹಾಕಿದ್ದಾರೆ. ಬೇಡವೆಂದು ನಾನು ಹೇಳಿದೆ, ಮತ್ತೆ ಹೇಳಿದೆ. ಹಬ್ಬ ಮುಗಿಯಲಿ ನೋಡೋಣ ಅಂದಿರಿ. ಮೊನ್ನೆ ಓಣಿಯ ಗುರುಬಸವ್ವ ಗೇಟಿನಲ್ಲಿ ನಿಂತು ಕೇಳಿದಳು: "ಅಯ್ಯನವರ, ನಾವೇನರ ತಪ್ಪು ಮಾಡೀವೇನ್ರೀ?" ಅವಳ ಮಗಳು ತುಂಬು ಗರ್ಭಿಣಿ. ಆ ಹುಡುಗಿ ಸ್ಟೇಷನ್ ರಸ್ತೆ ದಾಟಿ ಕೊಡ ತರುತ್ತಾಳೆ. ನನಗೆ ತುಂಬ ದುಃಖವಾಯಿತು.

ಪ್ರೀತಿಯಿಂದ ಕೊಡಿ, ಹೃದಯದಿಂದ ಕೊಡಿ ಎಂದು ಈ ಪೀಠದಿಂದ ಎಷ್ಟು ವರ್ಷ ಬೋಧಿಸಿದೆ. ನಿಮ್ಮ ಹೃದಯ ಬದಲಾಗುವವರೆಗೆ ಕಾಯಲು ನನ್ನಲ್ಲಿ ತ್ರಾಣವಿದೆಯೋ ಇಲ್ಲವೋ, ಆ ಹುಡುಗಿಯ ಸೊಂಟದಲ್ಲಂತೂ ಇಲ್ಲ. ಅದಕ್ಕೆ ಇವತ್ತು ಕಡಿಮೆ ಕೇಳುತ್ತೇನೆ. ಇನ್ನು ಮೇಲೆ ಕಾಂಪೌಂಡಿನ ಹುಲ್ಲಿಗೆ ಪೈಪು ಹಿಡಿಯುವ ಮುಂಚೆ ಓಣಿಯ ಕೊಡ ತುಂಬಲಿ. ನಿಮ್ಮ ಮನೆಯಲ್ಲೂ ಹಾಗೇ. ಮೋಟರು ಹಾಕಿ ಬೈಕು ತೊಳೆಯುವ ಮುಂಚೆ, ಗೇಟಿನ ಹೊರಗೆ ಕೊಡ ಹಿಡಿದು ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿ. ಪ್ರೀತಿ ಹುಟ್ಟದಿದ್ದರೆ ಚಿಂತೆಯಿಲ್ಲ. ನಾಚಿಕೆಯಿಂದಲೇ ತೆರೆಯಿರಿ. ಪ್ರೀತಿ ಆಮೇಲೆ ಬರಲಿ, ತಡವಾಗಿ ಬರಲಿ.

ಈಗ ಎದ್ದು ನಿಲ್ಲಬೇಕಾದ ಹೊತ್ತು, ಆಶೀರ್ವಾದದ ಹೊತ್ತು. ನಾನು ಕೂತುಕೊಳ್ಳುತ್ತೇನೆ. ಯಾರಾದರೂ ಒಬ್ಬರು ಹೋಗಿ ಆ ಕೀಲಿ ತೆಗೆದು ಬನ್ನಿ. ನೀರಿನ ಸದ್ದು ಕೇಳಿದ ಮೇಲೆ ಎದ್ದು ಆಶೀರ್ವದಿಸುತ್ತೇನೆ.