ಬರೆಯದಿದ್ದರೆ ಮರುವಿವಾಹ

"ಹಲೋ... ಹಲೋ, ಯಾರು ಮಾತಾಡುದು? ಬಿ.ಸಿ. ರೋಡಿನ ಮದುವೆ ಬ್ಯೂರೋ ಅಲ್ವಾ ಇದು?... ಹಾಂ, ಅನ್ಸಾಫ್! ನೀನೇ ಬೇಕಿತ್ತು. ನಾನು ಹರ್ಷಿತಾ... ಯಾವ ಹರ್ಷಿತಾ ಅಂದ್ರೆ? ನಿನ್ನೊಟ್ಟಿಗೆ ಮೂಡುಬಿದಿರೆಯಲ್ಲಿ ಡಿಪ್ಲೊಮಾ ಮಾಡಿದವಳು. ನಿನಗಿಂತ ಮೊದಲು ಅದೇ ಕುರ್ಚಿಯಲ್ಲಿ ಕೂತು ಆ ವೆಬ್‌ಸೈಟ್ ಮಾಡಿದವಳು. ಇನ್ನು ಎಷ್ಟು ಹರ್ಷಿತಾ ಬೇಕು ನಿನಗೆ?"

ಪುಂಜಾಲಕಟ್ಟೆ ಪೇಟೆಯಲ್ಲಿ ಅಕ್ಕ ಪ್ರೇಮಾವತಿಯ ಹೊಲಿಗೆ ಅಂಗಡಿ. ಹರ್ಷಿತಾ ಫೋನ್ ಮಾಡಿದ್ದು ಅಲ್ಲಿಂದಲೇ. ಅಕ್ಕ ಎರಡು ಮಾರು ಆಚೆ ತಲೆ ಬಗ್ಗಿಸಿ ರವಿಕೆಗೆ ಹುಕ್ ಹಾಕುತ್ತಿದ್ದಳು. ಬೆಳಗ್ಗಿನಿಂದ ಮೂವರು ಹೆಂಗಸರು ಬಂದು ಹೋಗಿದ್ದರು. ಅವರಲ್ಲಿ ಇಬ್ಬರ ಕೈಯಲ್ಲಿ ಬಟ್ಟೆಯೇ ಇರಲಿಲ್ಲ. ಅಕ್ಕನ ಮುಖ ಹೇಗಿದೆ ಎಂದು ನೋಡಿಕೊಂಡು ಹೋಗಲು ಬಂದವರು ಅವರು.

"ಕುಶಾಲಿಗೆ ಫೋನ್ ಮಾಡಿದ್ದಲ್ಲ ಮಾರಾಯ. ನಮ್ಮ ಪ್ರೇಮಕ್ಕನ ಪುಟ ತೆಗಿ ಒಮ್ಮೆ. ನಂಬರ್ ನೂರ ಹದಿನೇಳು... ಬಂತಾ? ಹೆಸರಿನ ಕೆಳಗೆ ಎಂತ ಉಂಟು, ಓದು... ಬಾಯಿ ಬಿಟ್ಟು ಓದು... ಹಾಂ. 'ಮರುವಿವಾಹ'. ಅದೂ ಕೆಂಪು ಅಕ್ಷರದಲ್ಲಿ. ಈಗ ಹೇಳು, ನಮ್ಮ ಅಕ್ಕನಿಗೆ ಮೊದಲನೇ ಮದುವೆ ಯಾವಾಗ ಆದದ್ದು? ನೀನು ಊಟಕ್ಕೆ ಬಂದಿದ್ದೆಯಾ?"

...

"ನಗಬೇಡ... ನಗಬೇಡ ಅಂದೆ! ವಿಟ್ಲದ ದಯಾನಂದ ಅಂತ, ಗೊಬ್ಬರದ ಅಂಗಡಿಯವರು, ನಿಮ್ಮ ಬ್ಯೂರೋದಿಂದಲೇ ಬಂದ ಸಂಬಂಧ. ಹೋದ ಆದಿತ್ಯವಾರ ಮಾವನೊಟ್ಟಿಗೆ ಮನೆಗೆ ಬಂದು, ಅಕ್ಕನನ್ನು ನೋಡಿ, ಒಪ್ಪಿಗೆ ಅಂತ ಹೇಳಿ, ನಿಶ್ಚಯಕ್ಕೆ ದಿನ ಕೇಳಿ ಹೋದದ್ದು. ಅವರ ತಮ್ಮ ಸೌದಿಯ ದಮ್ಮಾಮಿನಲ್ಲಿ ಕೂತು ನಿಮ್ಮ ಸೈಟ್ ನೋಡಿದ್ದಾನೆ. ನಿನ್ನೆ ಅವರ ಮಾವ ಅಪ್ಪನಿಗೆ ಫೋನ್ ಮಾಡಿ ಎಂತ ಹೇಳಿದ್ರು ಗೊತ್ತುಂಟಾ? 'ಉಟ್ಟು ಬಿಟ್ಟ ಸೀರೆಯನ್ನು ಇಸ್ತ್ರಿ ಹಾಕಿ ತೋರಿಸಿದಿರಲ್ಲ ಡೊಂಬಯ್ಯ' ಅಂತ... ಹೌದು, ಅದೇ ಮಾತು. ಥೂ!"

ಆ ಮಾತು ಹೇಳಿದ ಮೇಲೆ ಹರ್ಷಿತಾ ನಾಲಗೆ ಕಚ್ಚಿಕೊಂಡಳು. ಸೈಟಿನಲ್ಲಿ ಏನು ಬಂದಿದೆ ಎಂಬುದು ಅಕ್ಕನಿಗೆ ಗೊತ್ತಿತ್ತು, ವಿಟ್ಲದವರು ಬೇಡ ಎಂದದ್ದೂ ಗೊತ್ತಿತ್ತು. ಸೀರೆಯ ಮಾತನ್ನು ಮಾತ್ರ ಅಪ್ಪ ನುಂಗಿಕೊಂಡಿದ್ದರು. ಈಗ ಅದೂ ಅಕ್ಕನ ಕಿವಿಗೆ ಬಿತ್ತು.

"ಫಾರ್ಮ್ ನೋಡು ಈಗ. 'ಎಷ್ಟನೇ ಮದುವೆ' ಅಂತ ಕೇಳಿದಲ್ಲಿ ಎಂತ ಉಂಟು?... ಖಾಲಿಯಾ? ಖಾಲಿಯೇ ಇರ್ತದೆ. ಅಪ್ಪ ಬರೆಯುದಿಲ್ಲ ಮಾರಾಯ. ಒಂದನೆಯದು ಅಂತ ಬರೆದ್ರೆ ಎರಡನೆಯದನ್ನು ಕೂಗಿ ಕರೆದ ಹಾಗೆ ಅಂತ ಅವರ ನಂಬಿಕೆ. ಅವರು ಒಬ್ಬರೇ ಅಲ್ಲ, ನಮ್ಮ ಕಡೆ ಯಾರು ಬರೀತಾರೆ ಹೇಳು? ಮಗಳ ಮದುವೆಗೆ ನಂಬರ್ ಹಾಕುದುಂಟಾ?... ಅಲ್ವಾ? ನಿಮ್ಮ ಮನೆಯಲ್ಲೂ ಹಾಗೆಯೇ ಅಲ್ವಾ?"

"ಮತ್ತೆ ಖಾಲಿ ಇದ್ದದ್ದಕ್ಕೆ ಮರುವಿವಾಹ ಅಂತ ಹೇಗೆ ಬಂತು? ಬೇಸ್ ಫೈಲ್ ತೆಗಿ. ಅಲ್ಲಿ 'ಹೀಗಿದ್ರೆ ಹಾಗೆ' ಅನ್ನುವ ಒಂದು ಇಫ್ ಉಂಟಲ್ಲ, ಆ ಗೆರೆ ಓದು... ಹಾಂ... 'ಮೊದಲ' ಅಂತ ಇದ್ರೆ ಪ್ರಥಮ ವಿವಾಹ. ಸರಿ. ಎಲ್ಸ್?... ಇಲ್ಲದಿದ್ರೆ ಎಂತ?... ಎಲ್ಸ್ ಮರುವಿವಾಹ. ಅಷ್ಟೇಯಾ? ಮುಗೀತಾ?... ಎಂತ ಕಂಡಿಶನ್ ಮಾರಾಯ ಇದು! 'ಮೊದಲ' ಅಂತ ಬರೆಯದವರೆಲ್ಲ ಎರಡನೇ ಸಲದವರು ಅಂತ ಯಾವ ಮಂಡೆ ಸಮ ಇಲ್ಲದವನು ಬರೆದದ್ದು?"

"ಎಂತ?... ಫೈಲಿನ ಮೇಲೆ ಹೆಸರು ಉಂಟಾ?... ಯಾರದ್ದು?..."

ಹೆಸರು ಅವಳದೇ ಆಗಿತ್ತು.

ಎರಡು ವರ್ಷದ ಹಿಂದೆ ಅವಳೇ ಬರೆದ ಫೈಲು. ಬೇಸ್ ಎಂದರೆ ಸೈಟಿನ ಎಲ್ಲ ಪುಟಗಳ ತಾಯಿ. ತಾಯಿಯಲ್ಲಿ ಏನಿದೆಯೋ ಅದು ಮಕ್ಕಳ ಪುಟಗಳಿಗೆ ತಾನಾಗಿ ಇಳಿದು ಬರುತ್ತದೆ. ಒಂದು ಕಡೆ ಬರೆದರೆ ಸಾಕು, ಸಾವಿರ ಪುಟದಲ್ಲಿ ಕಾಣಿಸುತ್ತದೆ ಎಂದು ಆಗ ಎಷ್ಟು ಜಂಬ ಅವಳಿಗೆ! ಪರೀಕ್ಷೆಗೆಂದು ತಾನೇ ಎರಡು ಫಾರ್ಮ್ ತುಂಬಿದ್ದಳು. ಒಂದರಲ್ಲಿ 'ಮೊದಲ', ಇನ್ನೊಂದರಲ್ಲಿ 'ಎರಡನೆಯ'. ಎರಡೂ ಸರಿಯಾಗಿ ಬಂದವು. ಏನೂ ಬರೆಯದ ಮೂರನೆಯ ಫಾರ್ಮೊಂದು ಬರಬಹುದೆಂದು, ಡೊಂಬಯ್ಯನ ಮಗಳಾಗಿಯೂ ಅವಳಿಗೆ ತೋಚಲಿಲ್ಲ. ಇಷ್ಟು ಹೊತ್ತು ಅನ್ಸಾಫನ ಮೇಲಿದ್ದ ಅಸಹ್ಯವೆಲ್ಲ ತಿರುಗಿ ತನ್ನ ಮೇಲೆಯೇ ಬಂತು.

"ಆಯ್ತು... ಆಯ್ತು ಮಾರಾಯ, ನಾನೇ ಬರೆದದ್ದು. ನನ್ನದೇ ಹೇಸಿಗೆ, ನಾನೇ ಬಾಚಬೇಕು. ಹೀಗೆ ಖಾಲಿ ಬಿಟ್ಟ ಹುಡುಗಿಯರು ಎಷ್ಟು ಜನ ಉಂಟು? ನೋಡಿ ಹೇಳು... ಎಷ್ಟು?... ನಲವತ್ತಮೂರಾ? ನಲವತ್ತಮೂರು ಮನೆಯ ಹೆಣ್ಣು ಮಕ್ಕಳಾ, ಅನ್ಸಾಫ್?... ಅಯ್ಯೋ ದೇವರೇ."

...

"ಎಂತ ಹೇಳಿದೆ? ಪ್ರೇಮಕ್ಕನಿಗೆ ಮಾತ್ರ ಬೇರೆ ಇಫ್ ಹಾಕ್ತೀಯಾ? ನಂಬರ್ ನೂರ ಹದಿನೇಳು ಆದ್ರೆ ಪ್ರಥಮ, ಉಳಿದವರು ಹಾಗೆಯೇ ಇರಲಿ ಅಂತಾ?... ಛೀ. ನೂರ ಹದಿನೆಂಟರವಳಿಗೂ ಒಬ್ಬ ತಂಗಿ ಇರ್ತಾಳೆ ಮಾರಾಯ. ಅವಳಿಗೆ ಕಂಪ್ಯೂಟರ್ ಗೊತ್ತಿಲ್ಲ, ನನಗೆ ಗೊತ್ತುಂಟು, ಅಷ್ಟೇ. ಬೇಸಿನಲ್ಲಿಯೇ ಸಮ ಮಾಡುವ. ಬರಿ. ಎರಡು ಬೇರೆ ಬೇರೆ ಇಫ್. 'ಮೊದಲ' ಅಂತ ಇದ್ರೆ ಪ್ರಥಮ... ಅದನ್ನು ಮುಗಿಸ್ಲಿಕ್ಕೆ ಎಂಡ್‌ಇಫ್ ಹಾಕಿದೆಯಾ? 'ಎರಡನೆಯ' ಅಂತ ಅವರೇ ಬರೆದಿದ್ರೆ ಮಾತ್ರ ಮರುವಿವಾಹ. ಖಾಲಿ ಇದ್ರೆ ಎಂತದೂ ಬೇಡ... ಎಲ್ಸ್ ಬೇಡ ಅಂದೆ. ಅವರು ಹೇಳದ್ದನ್ನು ನಾವು ಯಾಕೆ ಹೇಳುದು?... ಸೇವ್ ಆಯ್ತಾ? ಸೈಟಿಗೆ ಹಾಕು. ಈಗಲೇ ಹಾಕು, ನಾನು ಕಾಯ್ತೇನೆ."

"ಹಾಂ, ಹೋಯ್ತಾ ಆ ಗೆರೆ? ದೊಡ್ಡ ಉಪಕಾರ. ಹುಡುಗರದ್ದೂ ಇದರೊಟ್ಟಿಗೆ ಸಮ ಆಗ್ತದೆ ಅಲ್ವಾ... ಯಾಕೆ ಆಗುದಿಲ್ಲ? ಹುಡುಗರ ಪುಟವೂ ಬೇಸಿನಿಂದಲೇ ಬರುದಲ್ವಾ? ನಾನು ಇರುವಾಗ ಹಾಗೆಯೇ ಇತ್ತು... ಎಂತ? ಹುಡುಗರಲ್ಲಿ ಆ ಗೆರೆಯೇ ಕಾಣುದಿಲ್ವಾ?... ಅವರ ಫೈಲಿನಲ್ಲಿ ಬೇಸಿನದ್ದೇ ಹೆಸರಿನ ಬ್ಲಾಕ್ ಉಂಟು, ಒಳಗೆ ಎಂತದೂ ಇಲ್ಲ... ಯಾರು ಹಾಕಿದ್ದು?... ನೀನು. ಯಾರು ಹೇಳಿದ್ದು?... ಚನಿಯಪ್ಪಣ್ಣ ಹೇಳಿದ್ದು."

ಮಗುವಿನ ಪುಟ ಒಂದು ಬ್ಲಾಕನ್ನು, ಅಂದರೆ ಪುಟದ ಒಂದು ಭಾಗವನ್ನು, ತಾನೇ ಬರೆದುಕೊಂಡರೆ ಆ ಜಾಗದಲ್ಲಿ ತಾಯಿಯ ಮಾತು ನಡೆಯುವುದಿಲ್ಲ. ಒಳಗೆ ಏನೂ ಇಡದೆ ಬರಿದೇ ಬರೆದುಕೊಂಡರೆ ಆ ಜಾಗದಲ್ಲಿ ಏನೂ ಕಾಣಿಸುವುದಿಲ್ಲ. ಬ್ಯೂರೋದ ಯಜಮಾನ ಚನಿಯಪ್ಪನಿಗೆ ಇಫ್ ಎಂದರೇನು, ಬ್ಲಾಕ್ ಎಂದರೇನು ಗೊತ್ತಿರಲಿಲ್ಲ. ಆದರೆ ಯಾರದ್ದನ್ನು ಮುಚ್ಚಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು. ಹೆಣ್ಣಿನ ಪುಟದಲ್ಲಿ ಆದದ್ದು ಮರೆವು, ಗಂಡಿನ ಪುಟದಲ್ಲಿ ಆದದ್ದು ಜಾಣತನ.

"ಯಾಕಂತೆ?... ಹುಡುಗರ ಮನೆಯವರಿಗೆ ಬೇಜಾರಾಗ್ತದಂತಾ? ಎರಡನೇ ಸಂಬಂಧ ಅಂತ ಕಂಡ್ರೆ ಯಾರೂ ಹೆಣ್ಣು ಕೊಡುದಿಲ್ಲ ಅಂತಾ?... ಒಳ್ಳೇ ನ್ಯಾಯ. ಹೆಣ್ಣು ಬರೆಯದಿದ್ರೂ ಕೆಂಪು ಅಕ್ಷರ, ಗಂಡು ಬರೆದ್ರೂ ಬಿಳಿ ಹಾಳೆ... ಗೊತ್ತುಂಟು, ನೀನು ಸಂಬಳದವನು. ಆದ್ರೂ ಕೈ ನಿನ್ನದೇ ಅಲ್ವಾ ಅನ್ಸಾಫ್?"

...

"ಒಂದು ಕೆಲಸ ಮಾಡು. ಆ ಖಾಲಿ ಬ್ಲಾಕ್ ಅಳಿಸು... ಸೈಟಿಗೆ ಹಾಕ್ಬೇಡ, ನಿನ್ನ ಕಂಪ್ಯೂಟರಿನಲ್ಲಿ ಮಾತ್ರ. ಎರಡು ಗೆರೆ, ಅಷ್ಟೇ... ಅಳಿಸಿದೆಯಾ? ವಿಟ್ಲದ ದಯಾನಂದನ ಪುಟ ತೆಗಿ... ತೆಗಿ ಮಾರಾಯ, ಸುಮ್ಮನೆ ನೋಡುವ... ಬಂತಾ?... ಹೆಸರಿನ ಕೆಳಗೆ ಎಂತ ಉಂಟು, ಓದು."

"ಎಂತ?... ಮರುವಿವಾಹವಾ? ಸರಿ ನೋಡಿದೆಯಾ? ಫಾರ್ಮಿನಲ್ಲಿ ಅವರೇ ಬರೆದದ್ದಾ?... 'ಎರಡನೆಯ'. ವಿಚ್ಛೇದನ ಆಗಿ ಮೂರು ವರ್ಷ. ಕೆಳಗೆ ಸಹಿ ಯಾರದ್ದು?... ಮಾವನದ್ದು. ಅದೇ ಮಾವನದ್ದು!"

ತಾನು ಕಳ್ಳ, ಪರರ ನಂಬ ಎಂಬ ಗಾದೆ ಹರ್ಷಿತಾಳಿಗೆ ಗೊತ್ತಿತ್ತು. ಅದಕ್ಕೆ ಕೈಕಾಲು ಬಂದು, ತಮ್ಮ ಮನೆಯ ಜಗಲಿಯಲ್ಲಿ ಕೂತು, ನೀರುದೋಸೆ ತಿಂದು, ಇನ್ನೆರಡು ಹಾಕಿ ಎಂದು ಕೇಳಿ ತಿಂದು ಹೋದದ್ದು ಮಾತ್ರ ಇವತ್ತೇ ಗೊತ್ತಾದದ್ದು. ಆ ತಟ್ಟೆಯನ್ನು ತೊಳೆದದ್ದು ಅಕ್ಕ.

"ಇಲ್ಲ, ಎರಡನೇ ಮದುವೆ ಅಂತ ನನಗೆ ಹೇಸಿಗೆ ಅಲ್ಲ. ಬಾಳ್ವೆ ಆಗದಿದ್ರೆ ಎಂತ ಮಾಡುದು? ಮೊದಲೇ ಹೇಳಿದ್ರೆ ಅಕ್ಕ ಒಪ್ಪುತ್ತಿದ್ದಳೋ ಏನೋ. ತಮ್ಮದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಅದೇ ಮಾತನ್ನು ಅಪ್ಪನ ಮುಖಕ್ಕೆ ಉಗಿದ್ರಲ್ಲ... ಅದು ಹೇಸಿಗೆ... ಯಾರು ಬಂದದ್ದು? ಚನಿಯಪ್ಪಣ್ಣನಾ? ಕೊಡು ಅವರಿಗೆ."

"ನಮಸ್ಕಾರ ಚನಿಯಪ್ಪಣ್ಣ... ಹಾಂ, ಹರ್ಷಿತಾ... ಅನ್ಸಾಫ್ ಹೇಳಿದನಾ? ಹಾಗಾದ್ರೆ ಮತ್ತೆ ಹೇಳುದು ಬೇಡ. ನೀವು ವಿಟ್ಲಕ್ಕೆ ಫೋನ್ ಮಾಡಿ, ತಪ್ಪು ನಮ್ಮ ಸೈಟಿನದ್ದು, ಹುಡುಗಿಯದ್ದಲ್ಲ ಅಂತ ಹೇಳ್ಬೇಕು. ಅಪ್ಪನಿಗೂ ಹೇಳ್ಬೇಕು... ಎಂತ?... ಅವರನ್ನು ಒಪ್ಪಿಸ್ತೀರಾ? ಬರುವ ಆದಿತ್ಯವಾರವೇ ಕರ್ಕೊಂಡು ಬರ್ತೀರಾ?... ಆದ್ರೆ? ಆದ್ರೆ ಎಂತ?... ಹುಡುಗನದ್ದು ನಾವು ಯಾರ ಹತ್ರವೂ ಹೇಳ್ಬಾರ್ದು. ಅವರು ಅಕ್ಕನದ್ದು ಮರೀತಾರೆ... ಅಕ್ಕನದ್ದು ಎಂತ ಉಂಟು ಚನಿಯಪ್ಪಣ್ಣ, ಮರೀಲಿಕ್ಕೆ?... ಅವಳಿಗೆ ಮೂವತ್ತು ಆಯ್ತು, ಹೌದು... ಎಲ್ಲರ ಮನೆಯ ದೋಸೆಯೂ ತೂತೇ, ಹೌದು... ಅಪ್ಪನಿಗೆ ಸಂತೋಷ ಆಗ್ತದೆ, ಹೌದು..."

ಮೂರು ಸಲ ಹೌದು ಎಂದಾಗ ತನ್ನ ಸ್ವರ ಇಳಿದದ್ದು ಹರ್ಷಿತಾಳಿಗೇ ಕೇಳಿಸಿತು. ಅಪ್ಪ ನಿನ್ನೆ ಮಧ್ಯಾಹ್ನದಿಂದ ಊಟ ಮಾಡಿರಲಿಲ್ಲ. ಸಂಬಂಧ ಕೂಡಿ ಬಂದರೆ ಊರಿನ ಬಾಯಿ ತಾನಾಗಿ ಮುಚ್ಚುತ್ತದೆ. ಒಂದು ಖಾಲಿ ಬ್ಲಾಕನ್ನು ಇದ್ದ ಹಾಗೆ ಬಿಟ್ಟುಬಿಡುವುದು, ಅಷ್ಟೇ. ಅಪ್ಪನ ಹತ್ತಿರ ಒಮ್ಮೆ ಕೇಳಿ ಹೇಳ್ತೇನೆ ಎನ್ನಲು ಅವಳು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಪ್ರೇಮಾವತಿ ಎದ್ದು ಬಂದು ರಿಸೀವರನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಹಲೋ. ನಾನು ಪ್ರೇಮಾವತಿ ಮಾತಾಡುದು... ಹೌದು, ಡೊಂಬಯ್ಯನ ದೊಡ್ಡ ಮಗಳು. ಎಲ್ಲ ಕೇಳಿಸಿಕೊಂಡೆ... ಇಲ್ಲ, ಅಳ್ತಾ ಇಲ್ಲ. ಆದಿತ್ಯವಾರ ಅವರು ಬರುದು ಬೇಡ... ಬೇಡ ಅಂದ್ರೆ ಬೇಡ ಚನಿಯಪ್ಪಣ್ಣ. ಅಪ್ಪನಿಗೆ ನಾನು ಹೇಳ್ತೇನೆ."

"ಅನ್ಸಾಫ್ ಈಗ ಎಂತದೋ ಅಳಿಸಿದ್ದಾನಲ್ಲ, ಅದನ್ನು ಹಾಗೆಯೇ ಸೈಟಿಗೆ ಹಾಕ್ಲಿಕ್ಕೆ ಹೇಳಿ... ಯಾಕೆ ಅಂದ್ರೆ, ನಾಳೆ ನೀವು ಅವರನ್ನು ಇನ್ನೊಂದು ಮನೆಗೆ ಕಳಿಸ್ತೀರಿ. ಆ ಮನೆಯವಳಾದ್ರೂ ಓದಿಕೊಂಡು ಚಾ ಇಡಲಿ... ಕೇಳಿ, ಪೂರ್ತಿ ಕೇಳಿ ನೀವು. ಪುಂಜಾಲಕಟ್ಟೆಯಲ್ಲಿ ಎಲ್ಲ ನನ್ನನ್ನು ಅವರು ಬಿಟ್ಟದ್ದು ಅಂತ ಮಾತಾಡ್ತಾರೆ. ನಿಮ್ಮ ಹತ್ರ ಯಾರು ಕೇಳಿದ್ರೂ ಹೇಳಿ, ಬೇಡ ಅಂದದ್ದು ವಿಟ್ಲದವರಲ್ಲ, ಬೇಡ ಅಂದದ್ದು ಹುಡು... ಹಲೋ?... ಹಲೋ, ಚನಿಯಪ್ಪಣ್ಣ? ಫೋನ್ ಇಟ್ರಾ?..."