ಕೋಗಿಲಿನ ಸೈಟಿನ ವೀರಗಲ್ಲು

"ಸೈಟ್ ತಗೊಳ್ಳೋರ ಮುಂದೆ ಅಲ್ಲಿ ಹೆಣ ಬಿದ್ದಿದ್ದ ಕಥೆ ಹೇಳ್ತಾರೇನೋ, ತಲೆ ಕೆಟ್ಟೋನೆ?"

ನೋಂದಣಿ ಕಚೇರಿಯ ಬೆಂಚಿನಲ್ಲಿ, ನನ್ನ ಪಕ್ಕದಲ್ಲೇ ಯಾರೋ ಅಕ್ಕ ತನ್ನ ತಮ್ಮನಿಗೆ ಬೈಯುತ್ತಿದ್ದಳು. ಕೇಳದಿರಲು ನಾನೇನು ಕಿವುಡನೇ?

"ಹೆಣ ಅಲ್ಲಕ್ಕ, ವೀರ. ಊರಿನ ದನ ಬಿಡಿಸ್ಕೊಂಡು ಬರೋಕೆ ಹೋಗಿ ಕಾದಾಡಿ ಸತ್ತವ್ನೆ. ವೀರಗಲ್ಲಲ್ಲೇ ಕೆತ್ತವ್ರೆ."

"ಭಾನುವಾರ ಬಂದ್ರೆ ಹಳೇ ಯುದ್ಧ, ಹಳೇ ಕಲ್ಲು ಅಂತ ಅಲೀತೀಯ, ಅಲ್ಕೊ. ನನ್ ಸೈಟ್ ತಂಟೆಗೆ ಯಾಕ್ ಬಂದೆ? ನೋಡು, ಅವ್ರು ಹೆಂಡ್ತಿಗೆ ಫೋನ್ ಮಾಡೋಕೆ ಆಚೆ ಹೋದ್ರು."

"ಸಾವಿರ ವರ್ಷದ ಹಿಂದಿನ್ದು. ಹೆದರೋದೇನೈತೆ?"

"ಅವ್ರು ಬಂದ ತಕ್ಷಣ, ನಾನ್ ಹೇಳಿದ್ದು ತಪ್ಪು ಅನ್ನು. ಅಷ್ಟೇ ಸಾಕು."

"ಆಯ್ತು ಬಿಡು."

ಸೈಟು ಕೊಳ್ಳುವವರು ಫೈಲು ಹಿಡಿದು ಒಳಗೆ ಬಂದರು. ತಮ್ಮ ಎದ್ದು ನಿಂತ.

"ಸಾರ್, ನಾನ್ ಹೇಳಿದ್ರಲ್ಲಿ ತಪ್ಪಾಗೈತೆ."

ಅಕ್ಕ ಉಸಿರು ಬಿಟ್ಟಳು. ಕೊಳ್ಳುವವರ ಮುಖವೂ ಸಡಿಲವಾಯಿತು.

"ಹಂಗಾದ್ರೆ ಅಲ್ಲಿ ಯಾರೂ ಸತ್ತಿಲ್ವಾ?"

"ಒಬ್ನೇ ಅಂದಿದ್ದೆ ಸಾರ್. ಬೆಳಿಗ್ಗೆ ಕಲ್ಲು ತೊಳೆದು ನೋಡಿದ್ರೆ ಕೆಳಗಡೆ ಇನ್ನೂ ಮೂವರು ಬಿದ್ದವ್ರೆ. ದೊಡ್ಡ ಯುದ್ಧನೇ ನಡೆದೈತೆ."

ಟೀ ಕುಡಿದು ಬರುತ್ತೇನೆ ಎಂದು ಅವರು ಹೊರಟರು. ನನ್ನ ಕೆಲಸ ಮುಗಿದರೂ ಅವರು ಬರಲಿಲ್ಲ.