ಕುರ್ಚಿಯಿಲ್ಲದ ಅಡುಗೆಮನೆ

ಈ ಸಭೆಯ ಅಧ್ಯಕ್ಷರೂ ನಮ್ಮ ಆಸ್ಪತ್ರೆಯ ನಿರ್ದೇಶಕರೂ ಆದ ಹಾಲಿಸ್ಟರ್ ಅವರೇ, ಪ್ರಾರ್ಥನೆ ನಡೆಸಿಕೊಟ್ಟ ಪಾದ್ರಿ ಗೇನ್ಸ್ ಅವರೇ, ಮುಂದಿನ ಸಾಲಿನಲ್ಲಿ ತಾಯಿಯ ಹ್ಯಾಟು ಧರಿಸಿ ಕೂತಿರುವ ರೋಷೆಲ್, ಹಿಂದಿನ ಗೋಡೆಯುದ್ದಕ್ಕೂ ಏಪ್ರನ್ ಕಟ್ಟಿಕೊಂಡು ನಿಂತಿರುವ ನನ್ನ ಅಡುಗೆಮನೆಯ ಹೆಂಗಸರೇ, ಮತ್ತು ಮಾನ್ಯ ಸಭಿಕರೇ,

ನನ್ನ ಹೆಸರು ವರ್ನೆಲ್ ಪಿಟ್ಮನ್. ಈ ಆಸ್ಪತ್ರೆಯ ಅಡುಗೆಮನೆಗೆ ಸೇರಿದಾಗ ನನ್ನ ಕೂದಲು ತಾನಾಗಿ ಕಪ್ಪಾಗಿತ್ತು, ಈಗ ನಾನು ಹಚ್ಚಿದ್ದರಿಂದ ಕಪ್ಪಾಗಿದೆ. ಇವತ್ತು ಎರಡು ಕೆಲಸಕ್ಕೆ ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಒಂದು, ಏಪ್ರಿಲ್ ತಿಂಗಳಲ್ಲಿ ತೀರಿಕೊಂಡ ನಮ್ಮ ಮೇಲ್ವಿಚಾರಕಿ, ರೋಷೆಲ್‌ಳ ತಾಯಿ ಲೂವೀನಿಯಾ ಟಾಲಿವರ್ ಅವರ ಹೆಸರಿನ ಫಲಕದ ಪರದೆ ಸರಿಸುವುದು. ಇನ್ನೊಂದು, ಅವರ ಜಾಗವನ್ನು ವಹಿಸಿಕೊಳ್ಳುತ್ತೇನೆಂದು ಎಲ್ಲರ ಮುಂದೆ ಹೇಳುವುದು. ಮೊದಲನೆಯದು ಮುಗಿಯಿತು, ನೀವು ಚಪ್ಪಾಳೆಯನ್ನೂ ತಟ್ಟಿದಿರಿ. ಎರಡನೆಯದಕ್ಕೆ ಮುಂಚೆ ಸ್ವಲ್ಪ ಮಾತಾಡುವುದಿದೆ. ಊಟ ತಣ್ಣಗಾಗುತ್ತದೆ ಎಂದು ಹೆದರಬೇಡಿ. ಕೋಳಿ ಕರಿದವರು ನಾವು. ತಣ್ಣಗಾದರೂ ನಿಮ್ಮ ನಿಮ್ಮ ಮನೆಯದಕ್ಕಿಂತ ಚೆನ್ನಾಗಿಯೇ ಇರುತ್ತದೆ.

ಈಗ ತಾನೇ ಅಟ್ಲಾಂಟಾದಿಂದ ಬಂದ ವಿದ್ವಾಂಸೆಯೊಬ್ಬರು ಕರಿಯ, ಕಂದು ಮೈಬಣ್ಣದ ಹೆಂಗಸರು ಕೆಲಸದ ಜಾಗದಲ್ಲಿ ಹೇಗೆ ಮುಂದಾಳುಗಳಾಗುತ್ತಾರೆ ಎಂದು ಪರದೆಯ ಮೇಲೆ ತೋರಿಸಿದರು. ಸೊಗಸಾಗಿ ಮಾತಾಡಿದರು. ಅವರೂ ನಮ್ಮವರೇ. ಅಷ್ಟು ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಕೊನೆಯವರೆಗೂ ನಿಂತೇ ಇದ್ದರು, ಅದು ನನ್ನ ಕಣ್ಣಿಗೆ ಬಿತ್ತು. ಅಪ್ಪಣೆ ಮಾಡುವವಳು, ಕೈಹಿಡಿದು ಕಲಿಸುವವಳು, ಎಲ್ಲರ ಮಾತು ಕೇಳಿ ತೀರ್ಮಾನಿಸುವವಳು ಎಂದು ಬಗೆಬಗೆಯ ನಾಯಕಿಯರನ್ನು ಹೇಳಿದರು. ನಾನು ಪ್ರತಿ ಬಗೆಯಲ್ಲೂ ಮಿಸ್ ಲೂವೀನಿಯಾರನ್ನು ಹುಡುಕಿದೆ. ಎಲ್ಲದರಲ್ಲೂ ಅಷ್ಟಿಷ್ಟು ಸಿಕ್ಕರು. ಆದರೆ ಅವರ ಇಡೀ ನಾಯಕತ್ವ ಒಂದೇ ಮಾತಿನಲ್ಲಿತ್ತು. ಕೂರಬಾರದು.

ನಮ್ಮ ಅಡುಗೆಮನೆಯಲ್ಲಿ ಕುರ್ಚಿ ಇಲ್ಲ. ಇದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಹಿಂದೆ ಒಂದಿತ್ತಂತೆ. ಮಿಸ್ ಲೂವೀನಿಯಾಗಿಂತ ಮುಂಚೆ ಇದ್ದ ಬಿಳಿಯ ಮೇಲ್ವಿಚಾರಕರು ಅದರಲ್ಲಿ ಕೂತು, ಕಾಲು ಮೇಜಿನ ಮೇಲಿಟ್ಟು, ವಾರದ ಅಡುಗೆಯ ಬಗ್ಗೆ ಯೋಚಿಸುತ್ತಿದ್ದರು. ಅವರ ಜಾಗಕ್ಕೆ ನಮ್ಮವರು ಬಂದರು. ಆ ಜಾಗಕ್ಕೆ ಬಂದ ಮೊದಲ ಕರಿಯ ಹೆಂಗಸು. ಬಂದ ಹೊಸತರಲ್ಲಿ ಒಮ್ಮೆ ಅದೇ ಕುರ್ಚಿಯಲ್ಲಿ ಕೂತು ಸಿಹಿಗೆಣಸು ಹೆರೆಯುತ್ತಿದ್ದರಂತೆ. ಬಾಗಿಲಲ್ಲಿ ಹಾದುಹೋಗುತ್ತಿದ್ದ ಒಬ್ಬ ಅಧಿಕಾರಿ ನಿಂತು, “ಏನ್ ಲೂ, ಆರಾಮಾಗ್ ಕೂತ್ಬಿಟ್ಟೆ? ಬಡ್ತಿ ಸಿಕ್ಕಿದ್ದೇ ಕೆಲ್ಸ ಮುಗೀತು ಅನ್ಕೊಂಡ್ಯಾ?” ಎಂದನಂತೆ. ಮಿಸ್ ಲೂವೀನಿಯಾ ಗೆಣಸು ಕೆಳಗಿಟ್ಟು ಎದ್ದರು. ಆ ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ಹಿತ್ತಿಲಿನಲ್ಲಿ ಕಸದ ಪಕ್ಕ ಇಟ್ಟು ಬಂದರು. ಮತ್ತೆ ಅಲ್ಲಿ ಯಾರೂ ಕೂರಲಿಲ್ಲ.

ನಾನು ಕೆಲಸಕ್ಕೆ ಬಂದ ದಿನ ಅತ್ತಿತ್ತ ನೋಡುತ್ತಿದ್ದೆ.

“ಏನ್ ಮಗಾ, ಏನ್ ಹುಡುಕ್ತಿದೀಯ?”

“ಕುರ್ಚಿ ಎಲ್ಲಿದೆ ಅಂತ, ಮಿಸ್ ಲೂವೀನಿಯಾ.”

“ಕುರ್ಚಿನಾ? ಚರ್ಚಲ್ಲಿದೆ. ಭಾನುವಾರ ಹೋಗಿ ಕೂತ್ಕೋ.”

ಎಲ್ಲರೂ ನಕ್ಕರು. ಆಮೇಲೆ ಅವರು ನನ್ನನ್ನು ಪಾತ್ರೆ ತೊಳೆಯುವ ಕಡೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು: “ಅವ್ರು ಕೂತ್ರೆ ಯೋಚ್ನೆ ಮಾಡ್ತಿದಾರೆ ಅಂತಾರೆ. ನಾವ್ ಕೂತ್ರೆ ಸೋಮಾರಿಗಳು ಅಂತಾರೆ. ನಿಂಗ್ಯಾವ್ ಹೆಸ್ರು ಬೇಕು ನೀನೇ ನೋಡ್ಕೋ.”

ಅವರು ಕಲ್ಲುಹೃದಯದವರು ಎಂದು ತಿಳಿಯಬೇಡಿ. ಅಲ್ಲಿ ಹಿಂದೆ ನಿಂತಿರುವ ಅರಾಸೆಲಿ ಬಸುರಿಯಾಗಿದ್ದಾಗ ಅವಳ ದೊಡ್ಡ ದೊಡ್ಡ ಹಂಡೆಗಳನ್ನೆಲ್ಲ ಮಿಸ್ ಲೂವೀನಿಯಾ ತಾವೇ ತೊಳೆದರು. ತಮ್ಮ ಕೆಲಸವನ್ನೂ ಮಾಡಿ, ಅವಳದನ್ನೂ ಮಾಡಿದರು. “ನಿನ್ ಭಾರಾನೆಲ್ಲ ನಾನ್ ಹೊರ್ತೀನಿ ಕಣೇ, ಕೂರೋದೊಂದ್ ಬೇಡ. ಯಾರಾದ್ರೂ ನೋಡ್ಬಿಟ್ರೆ ಅವ್ರ ಬಾಯ್ನ ನಂಗೆ ತಡಿಯಕ್ಕಾಗಲ್ಲ” ಎಂದರು. ಇದು ಯಾವ ಬಗೆಯ ನಾಯಕತ್ವ? ಪ್ರೀತಿಯೋ, ಭಯವೋ? ನಮಗಂತೂ ಎರಡೂ ಒಂದೇ ತಟ್ಟೆಯಲ್ಲಿ ಬಡಿಸಿ ಅಭ್ಯಾಸ.

ನನ್ನ ಗಂಡ ಕ್ಲೀಯೋಫಸ್ ಇದ್ದಾಗ ಸಂಜೆ ನನ್ನ ಕಾಲು ಒತ್ತುತ್ತಿದ್ದ. “ಇದು ಕಾಲಲ್ಲ ಕಣೇ, ಕಲಸಿಟ್ಟ ಹಿಟ್ಟು. ಬೆರಳಿಟ್ರೆ ಗುಳಿ ಹಾಗೇ ನಿಲ್ಲುತ್ತೆ” ಎಂದು ನಗಿಸುತ್ತಿದ್ದ. ಈಗ ಅವನಿಲ್ಲ, ಗುಳಿ ಇದೆ. ಅದಿರಲಿ. ನಾನು ಹೇಳಹೊರಟದ್ದು ಅದಲ್ಲ.

ನಾನು ಹೇಳಹೊರಟದ್ದು ಪ್ರಾರ್ಥನೆಯ ವಿಷಯ. ಮಧ್ಯಾಹ್ನದ ಊಟದ ಗಾಡಿಗಳು ವಾರ್ಡುಗಳಿಗೆ ಹೊರಡುವ ಮುಂಚೆ ಮಿಸ್ ಲೂವೀನಿಯಾ ಸ್ಟೀಲಿನ ಕಟ್ಟೆಯ ಮೇಲೆ ಎರಡೂ ಕೈ ಊರಿ ತಲೆ ಬಗ್ಗಿಸುತ್ತಿದ್ದರು. ನಾವೂ ಬಗ್ಗಿಸುತ್ತಿದ್ದೆವು. “ಈ ತಟ್ಟೆ ಯಾರ್ ಮುಂದೆ ಹೋಗುತ್ತೋ ಅವ್ರ ಹೊಟ್ಟೆ ಒಪ್ಲಿ ತಂದೆ, ಆಮೆನ್.” ಅಷ್ಟೇ. ಕೆಲವು ದಿನ ಬಾಯಿಬಿಟ್ಟು ಹೇಳುತ್ತಿದ್ದರು, ಕೆಲವು ದಿನ ಮನಸ್ಸಿನಲ್ಲೇ ಹೇಳಿಕೊಂಡು ಕಡೆಯ ಮಾತನ್ನು ಮಾತ್ರ ಕೇಳಿಸುತ್ತಿದ್ದರು. ಆ ಆಮೆನ್ ಬರುವ ತನಕ ಒಂದು ಗಾಡಿಯೂ ಕದಲುವಂತಿರಲಿಲ್ಲ.

ಏಪ್ರಿಲ್‌ನ ಆ ದಿನವೂ ಅವರು ಕೈ ಊರಿ ತಲೆ ಬಗ್ಗಿಸಿದರು. ನಾವೂ ಬಗ್ಗಿಸಿದೆವು. ಆಮೆನ್ ಬರಲಿಲ್ಲ. ಮೇಲಿನ ವಾರ್ಡಿನಲ್ಲಿ ಯಾರಿಗೋ ತೀರಾ ಕಷ್ಟವಾಗಿರಬೇಕು, ಅವರಿಗಾಗಿ ಬೇಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಹಿಂದಿನಿಂದ ಯಾರೋ ಚರ್ಚಿನಲ್ಲಿ ಹೇಳುವ ಹಾಗೆ “ಹೌದು ತಂದೆ” ಎಂದರು. ಇನ್ನೊಬ್ಬರು “ಕೇಳಿಸ್ಕೊಳ್ಳಪ್ಪಾ ಕರ್ತನೇ” ಎಂದರು. ಯಾರೋ ಮೆಲ್ಲಗೆ ಗುನುಗತೊಡಗಿದರು, ಎಲ್ಲರೂ ದನಿಗೂಡಿಸಿದೆವು. ನಮ್ಮಲ್ಲಿ ಪ್ರಾರ್ಥನೆ ಉದ್ದವಾದರೆ ಯಾರೂ ತಡೆಯುವುದಿಲ್ಲ, ಬೆಂಬಲ ಕೊಡುತ್ತೇವೆ. ಮಿಸ್ ಲೂವೀನಿಯಾ ಸಾಯುತ್ತಿದ್ದರು. ನಾವು ಕಣ್ಣುಮುಚ್ಚಿ ಬೆಂಬಲ ಕೊಡುತ್ತಿದ್ದೆವು.

ಅವರ ಮಂಡಿ ಕುಸಿದ ಸದ್ದಿಗೆ ಕಣ್ಣುಬಿಟ್ಟೆ. ಅವರು ನನಗಿಂತ ತಗ್ಗಿನಲ್ಲಿರುವುದನ್ನು ನೋಡಿದ್ದು ಅದೇ ಮೊದಲು. ನಮ್ಮದು ನೆಲಮಾಳಿಗೆ, ಹೃದಯದ ವೈದ್ಯರು ಒಂದೇ ಮಹಡಿ ಮೇಲಿದ್ದರು. ಓಡಿ ಬಂದರು. ಬಂದು ಏನು ಮಾಡುತ್ತಾರೆ? ನೋವು ಬಹಳ ದಿನದಿಂದ ಇದ್ದಿರಲೇಬೇಕು ಎಂದು ರೋಷೆಲ್‌ಗೆ ಹೇಳಿದರು. ಮಿಸ್ ಲೂವೀನಿಯಾ ಯಾರಿಗೂ ಹೇಳಿರಲಿಲ್ಲ. ನಾವು ಯಾರೂ ಕೇಳಿರಲೂ ಇಲ್ಲ. ಗಟ್ಟಿಗಿತ್ತಿಯನ್ನು ಯಾರು ಕೇಳುತ್ತಾರೆ, ಹೇಳಿ?

ಈಗ ಈ ಫಲಕ ನೋಡಿ. ಚಿನ್ನದ ಬಣ್ಣದ ಅಕ್ಷರ. ‘ಕೊನೆಯ ಉಸಿರಿನವರೆಗೂ ನಿಂತವಳು.’ ಹಾಲಿಸ್ಟರ್ ಅವರೇ, ನೀವು ಅಭಿಮಾನದಿಂದಲೇ ಬರೆಸಿದ್ದೀರಿ, ನನಗೆ ಗೊತ್ತು. ಆದರೆ ನನ್ನ ಕಣ್ಣಿಗೆ ಅದು ಹೊಗಳಿಕೆಯ ಹಾಗೆ ಕಾಣುತ್ತಿಲ್ಲ. ಸಾವಿಗೆ ಕಾರಣ ಬರೆದ ಹಾಗೆ ಕಾಣುತ್ತಿದೆ.

ಮೊನ್ನೆ ನೀವು ನನ್ನನ್ನು ಕರೆಸಿ, “ವರ್ನೆಲ್, ನೀನೂ ಲೂ ಥರಾನೇ ಗಟ್ಟಿಗಿತ್ತಿ. ನಿಂಗಿದೇನ್ ಕಷ್ಟ ಆಗಲ್ಲ” ಎಂದಿರಿ. ನಾನು ಹೌದು ಸಾರ್ ಎಂದೆ. ಅಲ್ಲಿಂದ ನೇರವಾಗಿ ಮೇಲಿನ ವೈದ್ಯರ ಹತ್ತಿರ ಹೋಗಿದ್ದೆ. ಅವರು ನನ್ನ ಕಾಲು ನೋಡಿದರು, ಎದೆಯ ಸದ್ದು ಕೇಳಿದರು, ಆಮೇಲೆ ತಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತರು. ವೈದ್ಯರು ಹಾಗೆ ಹತ್ತಿರ ಬಂದು ಕೂತರೆ ಏನರ್ಥ ಎಂದು ಆಸ್ಪತ್ರೆಯವರಾದ ನಿಮಗೆ ಹೇಳಬೇಕಾಗಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈ ಭಾಷಣದಲ್ಲೂ ಬರೆದುಕೊಂಡು ಬಂದಿರಲಿಲ್ಲ. ಬಾಯಿಂದ ಬಂದುಬಿಟ್ಟಿತು.

ನಾನು ಈ ಮೇಜಿನ ಮೇಲೆ ಎರಡೂ ಕೈ ಊರಿರುವುದನ್ನು ನೋಡಿ ರೋಷೆಲ್ ಎದ್ದು ನಿಂತಿದ್ದಾಳೆ. ಇಲ್ಲ ಮಗಳೇ. ನಾನು ಪ್ರಾರ್ಥನೆ ಮಾಡುತ್ತಿಲ್ಲ.

ಅರಾಸೆಲಿ, ಅಲ್ಲಿಂದೊಂದ್ ಕುರ್ಚಿ ತಗೊಂಡ್ ಬಾರೇ. ಯಾರಿಗೆ ಅಂತ ಯಾಕ್ ನೋಡ್ತೀಯ? ನಂಗೇ ಕಣೇ. ಹೌದು, ನಂಗೇ. ಇಲ್ಲಿಡು.

ಅಬ್ಬಾ. ಹೀಗಿರುತ್ತದೆಯೇ ಇದು?

ಹಾಲಿಸ್ಟರ್ ಅವರೇ, ನಾನು ಆ ಜಾಗವನ್ನು ವಹಿಸಿಕೊಳ್ಳುತ್ತೇನೆ. ಈ ಕುರ್ಚಿಯೂ ನನ್ನ ಜೊತೆ ಕೆಳಗೆ ಬರುತ್ತದೆ. ಬಾಗಿಲಲ್ಲಿ ಹಾದುಹೋಗುವವರು ನೋಡಲಿ. ಏನನ್ನಬೇಕೋ ನನಗೇ ಅನ್ನಲಿ. ಎಷ್ಟು ದಿನ ಇದರಲ್ಲಿ ಕೂರುತ್ತೇನೋ ಗೊತ್ತಿಲ್ಲ, ಇರುವಷ್ಟು ದಿನ ಕೂತೇ ನಡೆಸುತ್ತೇನೆ.

ಹಿಂದೆ ನಿಂತಿರೋರು, ಕೂತ್ಕೊಳ್ರೇ. ಅಷ್ಟೊಂದು ಕುರ್ಚಿ ಖಾಲಿ ಇದೆ. ಏನ್ರಮ್ಮಾ, ಒಬ್ರ ಮುಖ ಒಬ್ರು ನೋಡ್ತೀರಲ್ಲ? ಕೂತ್ಕೊಳ್ಳಿ.

ಯಾರೂ ಕೂರುತ್ತಿಲ್ಲ, ಸಭಿಕರೇ. ನೋಡಿದಿರಾ, ಅಷ್ಟು ಚೆನ್ನಾಗಿ ಕಲಿಸಿದ್ದಾರೆ ನಮ್ಮ ಮಿಸ್ ಲೂವೀನಿಯಾ.

ಆಗಲಿ. ಅವರೆಲ್ಲ ಕೂರುವ ತನಕ ನಾನೂ ಇಲ್ಲಿಂದ ಏಳುವುದಿಲ್ಲ, ಊಟದ ಮುಚ್ಚಳವನ್ನೂ ತೆಗೆಯುವುದಿಲ್ಲ. ಇಷ್ಟು ಹೊತ್ತು ಸಹಿಸಿಕೊಂಡು ಕೇಳಿದ್ದಕ್ಕೆ ಉಪಕಾರವಾಯಿತು. ಎದ್ದು ಕೈಮುಗಿಯುತ್ತಿಲ್ಲ ಎಂದು ತಪ್ಪು ತಿಳಿಯಬೇಡಿ. ಕೂತಲ್ಲಿಂದಲೇ ನಿಮಗೆಲ್ಲ ನಮಸ್ಕಾರ.